ಅದೇ ಪೇಸ್ಟು, ಅದೇ ಫೋನು: ಗಡಿ ದಾಟಿದರೆ ಬೆಲೆ ಬೇರೆ ಯಾಕೆ?

ಪ್ರಶ್ನೆ: ನಾನು ಡೊಂಬಿವಲಿಯಲ್ಲಿರುವ ನಿವೃತ್ತ ಶಿಕ್ಷಕಿ. ಊರು ಕುಮಟಾ ಕಡೆ. ಮಗ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಕೆಲಸದಲ್ಲಿದ್ದಾನೆ. ಶನಿವಾರ ಬಂತೆಂದರೆ ಖಾಲಿ ಚೀಲ ಹಿಡಿದು ಟ್ರಾಮ್ ಹತ್ತಿ ಪಕ್ಕದ ಜರ್ಮನಿಗೆ ಹೋಗಿ ಮೊಸರು, ಸೋಪು, ಪೇಸ್ಟು ಎಲ್ಲ ತರುತ್ತಾನೆ. ಅದೇ ಕಂಪನಿಯ ಅದೇ ಪೇಸ್ಟು ಅಲ್ಲಿ ತುಂಬಾ ಅಗ್ಗವಂತೆ. ಇದು ಹೇಗೆ ಸಾಧ್ಯ? ಮುಂದಿನ ವರ್ಷ ಮಗಳ ಮದುವೆ. ಅದಕ್ಕೆ ಮುಂಚೆ ನಾನೂ ಯಜಮಾನರೂ ಐದು ದಿನ ದುಬೈಗೆ ಹೊರಟಿದ್ದೇವೆ. ಅಲ್ಲಿಂದ 60 ಗ್ರಾಂ ಒಡವೆ, ಎರಡು ಐಫೋನ್ ತರೋಣ ಅಂತ ಯೋಚನೆ. "ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ ಫ್ರೀ, ಸರಿಹೋಯ್ತಲ್ಲ" ಎನ್ನುತ್ತಾಳೆ ನಾದಿನಿ. ನಮ್ಮ ಅಂಗಡಿಯವರು ಲೂಟಿ ಮಾಡುತ್ತಾರೆ ಎಂಬುದು ಯಜಮಾನರ ವಾದ. ದುಬೈಯಲ್ಲಿರುವ ಪರಿಚಿತರೊಬ್ಬರು ಒಂದು ಸಣ್ಣ ಪೊಟ್ಟಣ ತಂದುಕೊಡಿ ಎಂದೂ ಕೇಳಿದ್ದಾರೆ. ಏನು ಮಾಡಲಿ?

ಉತ್ತರ: ಅಮ್ಮಾ, ನಿಮ್ಮ ಪತ್ರ ಓದಿ ಮೊದಲು ಕಣ್ಣು ಹೋಗಿದ್ದು ಆ ಕೊನೆಯ ಪೊಟ್ಟಣದ ಮೇಲೆ. ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಈಗಲೇ ಒಂದು ಮಾತು: ಅವರಿಗೆ ಇನ್ನೂ ಹೂಂ ಅನ್ನಬೇಡಿ.

ನಾನು ಮುಂಬೈನ ಬಲ್ಲಾರ್ಡ್ ಎಸ್ಟೇಟ್‌ನ ಕಸ್ಟಮ್ಸ್ ಹೌಸ್ ಸುತ್ತ 28 ವರ್ಷ ಓಡಾಡಿದವನು. ಆಮದು ಮಾಲಿನ ಕಾಗದಪತ್ರ ಮಾಡಿ ಬಿಡಿಸಿಕೊಡುವ ಬ್ರೋಕರ್ ಕೆಲಸ. ಒಂದೇ ವಸ್ತು ಹಡಗಿನಿಂದ ಇಳಿಯುವಾಗ ಎಷ್ಟಿತ್ತು, ಗೋದಾಮು ದಾಟಿದಾಗ ಎಷ್ಟಾಯಿತು, ಅಂಗಡಿಯ ಕಪಾಟು ಸೇರಿದಾಗ ಎಷ್ಟಾಯಿತು ಎಂದು ನೋಡುವುದೇ ನನ್ನ ದಿನದ ಕೆಲಸ.

ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆ ಒಂದೇ ಅನಿಸುತ್ತದೆ. ವಸ್ತು ಒಂದೇ ಆದರೆ ಬೆಲೆಯೂ ಒಂದೇ ಇರಬೇಕಲ್ಲ? ಇಲ್ಲದಿದ್ದರೆ ಯಾರೋ ಮೋಸ ಮಾಡುತ್ತಿರಬೇಕು, ಅಲ್ವಾ?

ಹಾಗೆ ಅನಿಸುವುದಕ್ಕೆ ಕಾರಣ ನಮ್ಮ ಎಂಆರ್‌ಪಿ ಅಭ್ಯಾಸ. ಮಾಟುಂಗಾದಲ್ಲಿ ಕೊಂಡ ಬಿಸ್ಕತ್ ಪ್ಯಾಕೆಟ್ಟಿನ ಮೇಲೆ ಇರುವ ಬೆಲೆಯೇ ಕುಮಟಾದ ಅಂಗಡಿಯ ಪ್ಯಾಕೆಟ್ಟಿನ ಮೇಲೂ ಇರುತ್ತದೆ. ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಅದಕ್ಕಿಂತ ಜಾಸ್ತಿ ತೆಗೆದುಕೊಂಡರೆ ತಪ್ಪು. 1990ರಿಂದ ನಾವು ಇದನ್ನೇ ನೋಡುತ್ತ ಬಂದಿದ್ದೇವೆ. ಹಾಗಾಗಿ ಬೆಲೆ ಎನ್ನುವುದು ವಸ್ತುವಿನ ಮೈಮೇಲಿನ ಮಚ್ಚೆ ಇದ್ದ ಹಾಗೆ, ಎಲ್ಲಿಗೆ ಹೋದರೂ ಜೊತೆಗೇ ಬರುತ್ತದೆ ಎಂದು ನಂಬಿಬಿಟ್ಟಿದ್ದೇವೆ. ಯುರೋಪ್, ಅಮೆರಿಕ, ಕೊಲ್ಲಿ ದೇಶಗಳಲ್ಲಿ ಹೀಗೆ ಪ್ಯಾಕೆಟ್ಟಿನ ಮೇಲೆ ಬೆಲೆ ಅಚ್ಚು ಹಾಕುವ ಪದ್ಧತಿ ಇಲ್ಲ. ಅಲ್ಲಿ ಬೆಲೆ ಇಡುವುದು ಅಂಗಡಿ. ಆ ಅಂಗಡಿ ನಿಂತ ನೆಲ ಎಂಥದ್ದೋ ಅದರ ಮೇಲೆ ಬೆಲೆ.

ನಮ್ಮಲ್ಲೂ ಎಂಆರ್‌ಪಿ ಇಲ್ಲದ ಕಡೆ ನೋಡಿ. ಕಿಂಗ್ಸ್ ಸರ್ಕಲ್‌ನ ಉಡುಪಿ ಹೋಟೆಲಿನ ಇಡ್ಲಿ, ನಿಮ್ಮೂರ ಬಸ್‌ಸ್ಟ್ಯಾಂಡಿನ ಇಡ್ಲಿ, ದುಬೈನ ಕರಾಮಾದ ಇಡ್ಲಿ. ಮೂರರಲ್ಲೂ ಅದೇ ಅಕ್ಕಿ, ಅದೇ ಉದ್ದು. ಬೆಲೆ ಮೂರು ಥರ. ಆಗ ನಾವು ಯಾರನ್ನೂ ಕಳ್ಳ ಅನ್ನುವುದಿಲ್ಲ. ಅಲ್ಲಿ ಬಾಡಿಗೆ ಜಾಸ್ತಿ, ಕೆಲಸದವರ ಸಂಬಳ ಜಾಸ್ತಿ ಅಂತ ಅರ್ಥ ಮಾಡಿಕೊಳ್ಳುತ್ತೇವೆ. ಪೇಸ್ಟಿನಲ್ಲೂ ಅದೇ ಬಾಡಿಗೆ, ಅದೇ ಸಂಬಳ ಸೇರಿರುತ್ತದೆ. ಕೊಳವೆಯೊಳಗೆ ಅಡಗಿರುವುದರಿಂದ ಕಾಣುವುದಿಲ್ಲ, ಅಷ್ಟೆ.

ಈಗ ನಿಮ್ಮ ಮಗನ ಶನಿವಾರಕ್ಕೆ ಬರೋಣ. ಆತ ಹತ್ತುವುದು ಬಹುಶಃ 8ನೇ ನಂಬರಿನ ಟ್ರಾಮ್. 2014ರ ಡಿಸೆಂಬರಿನಿಂದ ಅದು ಬಾಸೆಲ್‌ನಿಂದ ಗಡಿ ದಾಟಿ ಜರ್ಮನಿಯ ವೈಲ್ ಆಮ್ ರೈನ್ ಊರಿಗೆ ಹೋಗುತ್ತದೆ. ನಮ್ಮ ಜನ ಸಾಮಾನ್ಯವಾಗಿ ಏನು ಹೇಳುತ್ತಾರೆ? "ಟ್ಯಾಕ್ಸ್ ಕಡಿಮೆ ಇರಬೇಕು, ಅದಕ್ಕೇ ಅಗ್ಗ." ಇಲ್ಲಿ ಆ ಮಾತು ಪೂರಾ ತಲೆಕೆಳಗು. ಜರ್ಮನಿಯ ವ್ಯಾಟ್, ಅಂದರೆ ಮಾರಾಟದ ಮೇಲಿನ ತೆರಿಗೆ, ಶೇ. 19, ಊಟದ ಸಾಮಾನಿಗೆ ಶೇ. 7. ಸ್ವಿಟ್ಜರ್ಲೆಂಡಿನದು 2024ರಿಂದ ಶೇ. 8.1, ಊಟದ ಸಾಮಾನಿಗೆ ಬರೀ ಶೇ. 2.6. ತೆರಿಗೆ ಜಾಸ್ತಿ ಇರುವ ಊರಿನಲ್ಲೇ ಸಾಮಾನು ಅಗ್ಗ.

ಹಾಗಾದರೆ ಬಾಸೆಲ್‌ನಲ್ಲಿ ದುಬಾರಿ ಯಾಕೆ? ಮೊದಲನೆಯದು ಸಂಬಳ. ಅಲ್ಲಿ ಕ್ಯಾಷ್ ಕೌಂಟರಿನಲ್ಲಿ ಕೂತವರಿಗೆ, ಲಾರಿ ಓಡಿಸುವವರಿಗೆ ಗಡಿಯಾಚೆಗಿಂತ ಎಷ್ಟೋ ಜಾಸ್ತಿ ಸಂಬಳ. ಅಂಗಡಿ ಬಾಡಿಗೆಯೂ ಜಾಸ್ತಿ. ಎರಡನೆಯದು ರೈತರ ರಕ್ಷಣೆ. ಹೊರಗಿನ ಹಾಲು, ಮಾಂಸ ಸುಲಭವಾಗಿ ಒಳಗೆ ಬರದಂತೆ ಸ್ವಿಸ್ ಸರ್ಕಾರ ಸುಂಕದ ಗೋಡೆ ಕಟ್ಟಿದೆ. ನಿಮ್ಮ ಮಗನಂಥ ಗಿರಾಕಿಯೂ ತಲೆಗೆ ದಿನಕ್ಕೆ ಒಂದು ಕಿಲೋ ಮಾಂಸ ಮಾತ್ರ ಸುಂಕವಿಲ್ಲದೆ ತರಬಹುದು.

ಮೂರನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ಕಂಪನಿಗೆ ಗೊತ್ತು, ಈ ಊರಿನವರ ಜೇಬಿನಲ್ಲಿ ದುಡ್ಡಿದೆ. ಹಾಗಾಗಿ ಅದೇ ಪೇಸ್ಟನ್ನು ಸ್ವಿಸ್ ಅಂಗಡಿಗೆ ಕೊಡುವಾಗಲೇ ಜಾಸ್ತಿ ರೇಟು ಹಾಕುತ್ತದೆ. ಇದರ ವಿರುದ್ಧ ಅಲ್ಲಿನ ಜನ ಎಷ್ಟು ಕೂಗಾಡಿದರೆಂದರೆ, 2022ರ ಜನವರಿಯಲ್ಲಿ ಒಂದು ಕಾನೂನು ಬಂತು. ಸ್ವಿಸ್ ಗಿರಾಕಿ ಎಂಬ ಕಾರಣಕ್ಕೆ ಆನ್‌ಲೈನ್ ಅಂಗಡಿಗಳು ಬೇರೆ ಬೆಲೆ ತೋರಿಸಬಾರದು ಎಂದಾಯಿತು. 2024ರ ಜನವರಿಯಿಂದ ಕಾರ್ಖಾನೆ ಸಾಮಾನುಗಳ ಆಮದು ಸುಂಕವನ್ನೇ ತೆಗೆದುಹಾಕಿದರು. ಆದರೂ ಟ್ರಾಮ್ ಖಾಲಿಯಾಗಲಿಲ್ಲ. ಸುಂಕ ಹೋದ ಮಾತ್ರಕ್ಕೆ ಬಾಡಿಗೆ, ಸಂಬಳ ಇಳಿಯುವುದಿಲ್ಲವಲ್ಲ.

ಇದರ ಮೇಲೆ ಹಣದ ವಿನಿಮಯ ಬೇರೆ. 2015ರ ಜನವರಿ 15ರಂದು ಸ್ವಿಸ್ ಕೇಂದ್ರ ಬ್ಯಾಂಕು ಒಂದು ಯೂರೋಗೆ 1.20 ಫ್ರಾಂಕ್ ಎಂದು ಹಿಡಿದಿಟ್ಟಿದ್ದ ದರವನ್ನು ಕೈಬಿಟ್ಟಿತು. ಒಂದೇ ದಿನದಲ್ಲಿ ಯೂರೋವೂ ಫ್ರಾಂಕೂ ಹತ್ತಿರ ಹತ್ತಿರ ಸಮವಾದವು. ಬಾಸೆಲ್ ಅಂಗಡಿಯ ಬೆಲೆಚೀಟಿ ರಾತ್ರೋರಾತ್ರಿ ಬದಲಾಗುವುದಿಲ್ಲ. ಫ್ರಾಂಕ್ ಕೈಯಲ್ಲಿದ್ದವರಿಗೆ ಮಾತ್ರ ಜರ್ಮನಿಯ ಇಡೀ ಅಂಗಡಿ ಬೆಳಗಾಗುವುದರಲ್ಲಿ ಅಗ್ಗವಾಯಿತು.

ಮಗನಿಗೆ ಎರಡು ಮಾತು ತಿಳಿಸಿ. ಒಂದೇ ಅಂಗಡಿಯಲ್ಲಿ 50 ಯೂರೋ ದಾಟಿ ಕೊಂಡರೆ, ಹೊರಗಿನವರಿಗಾಗಿ ಇರುವ ರಫ್ತು ಚೀಟಿ ಕೇಳಿ ಪಡೆಯಲಿ. ಗಡಿಯಲ್ಲಿ ಜರ್ಮನ್ ಕಸ್ಟಮ್ಸ್ ಮುದ್ರೆ ಹಾಕಿಸಿಕೊಂಡರೆ ಆ ವ್ಯಾಟ್ ವಾಪಸ್ ಬರುತ್ತದೆ. ಇನ್ನೊಂದು, ಸ್ವಿಸ್ ಕಡೆ ತೆರಿಗೆ ಇಲ್ಲದೆ ತರುವ ಮಿತಿ 2025ರ ಜನವರಿಯಿಂದ 300 ಫ್ರಾಂಕ್‌ನಿಂದ 150ಕ್ಕೆ ಇಳಿದಿದೆ. ಹಳೆ ಲೆಕ್ಕದಲ್ಲಿ ಚೀಲ ತುಂಬಿಕೊಂಡು ಬರುವುದು ಬೇಡ.

ಇಂಥದ್ದು ನಮ್ಮ ಸುತ್ತಲೂ ಇದೆ. ಪುಣೆ ಕಡೆಯವರು ಊರಿಂದ ವಾಪಸ್ ಬರುವಾಗ ಮಹಾರಾಷ್ಟ್ರದ ಕಾಗಲ್ ಬರುವ ಮುಂಚೆ ಕರ್ನಾಟಕದ ನಿಪ್ಪಾಣಿಯಲ್ಲೇ ಟ್ಯಾಂಕ್ ತುಂಬಿಸುತ್ತಾರೆ. ಪೆಟ್ರೋಲು ಜಿಎಸ್‌ಟಿಯೊಳಗೆ ಬಂದಿಲ್ಲ, ಪ್ರತಿ ರಾಜ್ಯ ತನ್ನದೇ ತೆರಿಗೆ ಹಾಕುತ್ತದೆ. ಗೋವಾದ ಮದ್ಯದ್ದೂ ಅದೇ ಕಥೆ. ಪರ್ಮಿಟ್ ಇಲ್ಲದೆ ಬಾಟಲಿ ಹೊತ್ತು ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬಿದ್ದರೆ ಉಳಿದ ದುಡ್ಡಿನ ಹತ್ತುಪಟ್ಟು ತಲೆನೋವು. ನೇಪಾಳದ್ದು ಇನ್ನೂ ಸ್ವಾರಸ್ಯ. ಅಲ್ಲಿಗೆ ಪೆಟ್ರೋಲ್ ಕೊಡುವುದೇ ನಮ್ಮ ಇಂಡಿಯನ್ ಆಯಿಲ್. 2019ರಿಂದ ಬಿಹಾರದ ಮೋತಿಹಾರಿಯಿಂದ ಅಮ್ಲೇಖ್‌ಗಂಜ್‌ಗೆ ಪೈಪ್‌ಲೈನೇ ಇದೆ. ಆದರೂ 2021ರಲ್ಲಿ ಬಿಹಾರದ ಗಡಿಯ ಜನ ನೇಪಾಳಕ್ಕೆ ಹೋಗಿ ಕ್ಯಾನುಗಳಲ್ಲಿ ಪೆಟ್ರೋಲ್ ತರುತ್ತಿದ್ದರು. ನಮ್ಮಲ್ಲಿಂದ ಹೋದ ಎಣ್ಣೆ, ನಮ್ಮ ತೆರಿಗೆ ಇಲ್ಲದ ಕಡೆ ಅಗ್ಗ. ಅಂದರೆ ಬಾಸೆಲ್‌ನ ಪೇಸ್ಟಿನಲ್ಲಿ ತೆರಿಗೆಗೆ ಸಂಬಂಧವೇ ಇರಲಿಲ್ಲ, ಇಲ್ಲಿ ತೆರಿಗೆಯದ್ದೇ ಆಟ. ಒಂದೇ ಕಾರಣ ಹಿಡಿದು ಎಲ್ಲ ಬೆಲೆ ಬಿಡಿಸಲು ಆಗುವುದಿಲ್ಲ ಎನ್ನುವುದು ಇದಕ್ಕೇ.

ಇನ್ನು ನಿಮ್ಮ ದುಬೈ ಪಟ್ಟಿ. ಫೋನಿನಿಂದ ಶುರುಮಾಡೋಣ. 2024ರ ಶರತ್ಕಾಲದಲ್ಲಿ ನನ್ನ ಗಿರಾಕಿಯೊಬ್ಬರಿಗೆ ಹಾಕಿಕೊಟ್ಟ ಲೆಕ್ಕ ಇನ್ನೂ ಡೈರಿಯಲ್ಲಿದೆ. ಆಗ ಐಫೋನ್ 16 ಹೊಸದು. ಅಮೆರಿಕದಲ್ಲಿ 799 ಡಾಲರ್, ದುಬೈಯಲ್ಲಿ 3,399 ದಿರ್ಹಂ, ಇಲ್ಲಿ 79,900 ರೂಪಾಯಿ. ಅವತ್ತಿನ ದರದಲ್ಲಿ ದುಬೈ ಬೆಲೆ ಸುಮಾರು 77,500. ಅಂದರೆ ವ್ಯತ್ಯಾಸ ಎರಡೂವರೆ ಸಾವಿರವೂ ಇಲ್ಲ. ನಮ್ಮ ಬೆಲೆಯಿಂದ ಶೇ. 18 ಜಿಎಸ್‌ಟಿ ತೆಗೆದರೆ 67,700 ಉಳಿಯುತ್ತದೆ. ಅಮೆರಿಕದ 799 ಡಾಲರ್ ಕೂಡ ಹೆಚ್ಚುಕಮ್ಮಿ ಅಷ್ಟೇ, ಯಾಕೆಂದರೆ ಅಲ್ಲಿ ಬೋರ್ಡಿನ ಮೇಲಿನ ಬೆಲೆಗೆ ತೆರಿಗೆ ಸೇರಿರುವುದಿಲ್ಲ. ಇಲ್ಲಿ ಅಂಗಡಿಯವನ ಲೂಟಿ ಎಲ್ಲಿದೆ? ಯಜಮಾನರಿಗೆ ಈ ಲೆಕ್ಕ ತೋರಿಸಿ.

ಆದರೆ ಅವರ ಮಾತನ್ನು ಪೂರ್ತಿ ತಳ್ಳಿಹಾಕಲೂ ಆಗದು. ಅದೇ ದಿನ ಬಂದ 16 ಪ್ರೋ ನೋಡಿ. ಅಮೆರಿಕದಲ್ಲಿ 999 ಡಾಲರ್, ದುಬೈಯಲ್ಲಿ 4,299 ದಿರ್ಹಂ, ಅಂದರೆ ಸುಮಾರು 98,000 ರೂಪಾಯಿ. ಇಲ್ಲಿ 1,19,900. ಜಿಎಸ್‌ಟಿ ಕಳೆದರೂ ಅಮೆರಿಕದ ಬೆಲೆಗಿಂತ ಸುಮಾರು 18,000 ಜಾಸ್ತಿ. ಅದೇ ಕಂಪನಿ, ಅದೇ ದೇಶ, ಅದೇ ಜಿಎಸ್‌ಟಿ. ಹಾಗಾದರೆ ಈ 18,000 ಎಲ್ಲಿಂದ ಬಂತು? ಸಾಮಾನ್ಯ ಮಾಡೆಲ್ ಜನ ಲೆಕ್ಕ ಹಾಕಿ ಕೊಳ್ಳುತ್ತಾರೆ, ಪ್ರೋ ಕೊಳ್ಳುವವರು ಅಷ್ಟು ಲೆಕ್ಕ ನೋಡುವುದಿಲ್ಲ. ನನಗೆ ಕಾಣುವ ಒಂದು ಕಾರಣ ಇದು. ಬಿಡುಗಡೆಯ ಹೊತ್ತಿಗೆ ಪ್ರೋ ಹೊರಗಿನಿಂದ ಬರುತ್ತಿತ್ತು, ಅದರ ಆಮದು ಸುಂಕ ಇನ್ನೊಂದು ಕಾರಣ. ಈ ಬೆಲೆ ಇಡುವುದು ಕಂಪನಿ, ಲ್ಯಾಮಿಂಗ್ಟನ್ ರೋಡಿನ ಅಂಗಡಿಯವನಲ್ಲ. ಅವನಿಗೆ ಸಿಗುವುದು ಸಣ್ಣ ಕಮಿಷನ್.

ಹಾಗಾದರೆ ಪ್ರೋ ದುಬೈಯಿಂದ ತರೋದೇ ಲಾಭ ಅನ್ನುತ್ತೀರಿ. ಆ ಗಿರಾಕಿಯೂ ಹಾಗೇ ಅಂದರು. ವ್ಯತ್ಯಾಸ 22,000. ಪ್ರವಾಸಿಗರಿಗೆ ವ್ಯಾಟ್ ವಾಪಸ್ ಸಿಗುತ್ತದೆ, ಅದೊಂದು 3,800. ಒಟ್ಟು ಹತ್ತಿರ ಹತ್ತಿರ 26,000. ಈಗ ಕಳೆಯೋಣ. ಆಗಿನ ನಿಯಮದಲ್ಲಿ ಸುಂಕವಿಲ್ಲದೆ ತರಬಹುದಾದದ್ದು ತಲೆಗೆ 50,000 ರೂಪಾಯಿ ಸಾಮಾನು. ಉಳಿದ 48,000ಕ್ಕೆ ಶೇ. 38.5 ಸುಂಕ, ಅಂದರೆ 18,480. ಕ್ರೆಡಿಟ್ ಕಾರ್ಡ್ ವಿದೇಶಿ ಖರ್ಚಿಗೆ ಹಾಕುವ ಶೇ. 3.5 ಮತ್ತು ಅದರ ಮೇಲಿನ ತೆರಿಗೆ ಸುಮಾರು 4,000. ಕೊನೆಗೆ ಕೈಗೆ ಉಳಿದದ್ದು ಮೂರು ಸಾವಿರದಷ್ಟು. ಅದಕ್ಕಾಗಿ ಐದು ದಿನದ ಪ್ರವಾಸದಲ್ಲಿ ಒಂದು ಸಂಜೆ ಅಂಗಡಿಯಲ್ಲಿ, ಇನ್ನೊಂದು ಗಂಟೆ ವ್ಯಾಟ್ ಕೌಂಟರಿನ ಸಾಲಿನಲ್ಲಿ. ಅವರು ಆ ಲೆಕ್ಕ ನೋಡಿ ದೀಪಾವಳಿ ಆಫರಿನಲ್ಲಿ ಇಲ್ಲೇ ಕೊಂಡರು.

ಸುಂಕವಿಲ್ಲದ ಈ ಮಿತಿಯನ್ನು ಸರ್ಕಾರ ಆಗಾಗ ತಿದ್ದುತ್ತದೆ. ಟಿಕೆಟ್ ಆದ ಮೇಲೆ ಕಸ್ಟಮ್ಸ್ ಇಲಾಖೆಯ ಜಾಲತಾಣದಲ್ಲಿ ಅಥವಾ ಅವರ 'ಅತಿಥಿ' ಆ್ಯಪ್‌ನಲ್ಲಿ ಅವತ್ತಿನ ಮಿತಿ ನೋಡಿಕೊಂಡು ಇದೇ ಲೆಕ್ಕ ಹಾಕಿ. ಮಿತಿ ಏರಿದಷ್ಟೂ ಲಾಭ ಏರುತ್ತದೆ. ಗಂಡ ಹೆಂಡತಿ ಇಬ್ಬರ ಮಿತಿ ಕೂಡಿಸಿ ಒಂದೇ ದುಬಾರಿ ವಸ್ತುವಿಗೆ ಹಚ್ಚಲು ಮಾತ್ರ ಬರುವುದಿಲ್ಲ. ಡಬ್ಬ ಬಿಸಾಡಿದರೆ ಹಳೇ ಫೋನ್ ಆಗುತ್ತದೆ ಎಂಬ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಕಾನೂನು ನೋಡುವುದು ವಿದೇಶದಲ್ಲಿ ಹೊಸದಾಗಿ ಏನು ಕೊಂಡಿರಿ ಎಂದು, ಡಬ್ಬ ಇದೆಯೋ ಇಲ್ಲವೋ ಎಂದಲ್ಲ. ಅಂಗಡಿಯಲ್ಲಿ ಕಾರ್ಡ್ ಉಜ್ಜುವಾಗ "ರೂಪಾಯಿಯಲ್ಲೋ, ದಿರ್ಹಂನಲ್ಲೋ" ಎಂದು ಕೇಳುತ್ತಾರೆ. ದಿರ್ಹಂ ಅನ್ನಿ. ರೂಪಾಯಿ ಅಂದರೆ ಅವರದೇ ದರ ಹಾಕಿ ಇನ್ನಷ್ಟು ಕೀಳುತ್ತಾರೆ. ಅಮೆರಿಕದಿಂದ ಯಾರಾದರೂ ತಂದುಕೊಡುತ್ತೇನೆ ಎಂದರೂ ಯೋಚಿಸಿ. ಐಫೋನ್ 14ರಿಂದ ಈಚೆಗೆ ಅಲ್ಲಿ ಮಾರುವ ಫೋನಿನಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ.

ಬಂಗಾರದ್ದು ಬೇರೆ ಕಥೆ. ಚಿನ್ನಕ್ಕೆ ಜಗತ್ತಿನಲ್ಲೆಲ್ಲ ಹೆಚ್ಚುಕಮ್ಮಿ ಒಂದೇ ಮೂಲ ಬೆಲೆ, ಅದೂ ಡಾಲರಿನಲ್ಲಿ. ದುಬೈನ ದೇರಾ ಗೋಲ್ಡ್ ಸೂಕ್‌ಗೂ ನಮ್ಮ ಝವೇರಿ ಬಜಾರಿಗೂ ನಡುವೆ ಇರುವುದು ತೆರಿಗೆ ಮತ್ತು ಮಜೂರಿ. 2024ರ ಜುಲೈವರೆಗೆ ನಮ್ಮ ಆಮದು ಸುಂಕ ಶೇ. 15 ಇತ್ತು. ಅದರ ಮೇಲೆ ಶೇ. 3 ಜಿಎಸ್‌ಟಿ. 100 ರೂಪಾಯಿ ಚಿನ್ನ ಇಲ್ಲಿ 118 ರೂಪಾಯಿ 45 ಪೈಸೆ ಆಗುತ್ತಿತ್ತು. ಆ ಬಜೆಟ್‌ನಲ್ಲಿ ಸುಂಕವನ್ನು ಶೇ. 6ಕ್ಕೆ ಇಳಿಸಿದಾಗ ಅದೇ 100 ರೂಪಾಯಿ ಚಿನ್ನ 109 ರೂಪಾಯಿ 18 ಪೈಸೆಗೆ ಬಂತು. ದುಬೈಯಲ್ಲಿ ಒಡವೆಗೆ ಶೇ. 5 ವ್ಯಾಟ್. ಅದರಲ್ಲಿ ಸುಮಾರು ಶೇ. 85 ಭಾಗ ವಿಮಾನ ಹತ್ತುವ ಮುಂಚೆ ವಾಪಸ್ ಪಡೆಯಬಹುದು. ಅಂದರೆ ಅಲ್ಲಿ ಸುಮಾರು 100 ರೂಪಾಯಿ 75 ಪೈಸೆ. ಹಿಂದೆ ಹದಿನೇಳು ಹದಿನೆಂಟು ಇದ್ದ ಅಂತರ ಎಂಟೂವರೆಗೆ ಇಳಿಯಿತು. "ದುಬೈ ಚಿನ್ನ ಬಲು ಅಗ್ಗ" ಎಂಬ ಮಾತು ಮಾತ್ರ ಹಳೆಯ ಅಂತರದಲ್ಲೇ ನಿಂತಿದೆ.

ನಿಮ್ಮ ನಾದಿನಿ ಹೇಳಿದ 40 ಗ್ರಾಂ, 20 ಗ್ರಾಂ ಸುಳ್ಳಲ್ಲ. ಆದರೆ ಅದು ಒಂದು ವರ್ಷಕ್ಕಿಂತ ಜಾಸ್ತಿ ವಿದೇಶದಲ್ಲಿ ವಾಸವಿದ್ದು ವಾಪಸ್ ಬರುವವರಿಗೆ. ಐದು ದಿನ ತಿರುಗಾಡಿ ಬರುವವರಿಗಲ್ಲ. ಒಂದು ಕಿಲೋವರೆಗೆ ತರಬಹುದು ಎಂಬ ಮಾತನ್ನೂ ಕೇಳಿರುತ್ತೀರಿ. ಅದು ಆರು ತಿಂಗಳು ಹೊರಗಿದ್ದವರು ವಿದೇಶಿ ಹಣದಲ್ಲಿ ಸುಂಕ ಕಟ್ಟಿ ತರುವ ಬಗ್ಗೆ. ಗಲ್ಫಿನಲ್ಲಿ ದುಡಿಯುವ ನಮ್ಮ ಕರಾವಳಿಯವರಿಗೆ ಈ ನಿಯಮಗಳು ಬಾಯಿಪಾಠ. ಅವರ ಬಾಯಿಂದ ಕೇಳಿದವರು ಅರ್ಧ ಮಾತ್ರ ನೆನಪಿಟ್ಟುಕೊಳ್ಳುತ್ತಾರೆ.

ನಿಮ್ಮ 60 ಗ್ರಾಂ ಲೆಕ್ಕ ನೋಡೋಣ. ಸುಲಭವಾಗಲಿ ಎಂದು ಗ್ರಾಂಗೆ 10,000 ಎಂದಿಟ್ಟುಕೊಳ್ಳಿ. ಒಟ್ಟು ಆರು ಲಕ್ಷ. ಶೇ. 8.4 ಅಂತರದಲ್ಲಿ ಉಳಿತಾಯ ಸುಮಾರು 50,000. 2024ರ ಮಿತಿಯ ಪ್ರಕಾರ ನಿಮ್ಮಿಬ್ಬರದೂ ಸೇರಿ ಒಂದು ಲಕ್ಷದ ಒಡವೆ ಸುಂಕವಿಲ್ಲದೆ ಬಂತು ಎಂದುಕೊಂಡರೂ ಉಳಿದ ಐದು ಲಕ್ಷಕ್ಕೆ ಶೇ. 38.5, ಅಂದರೆ 1,92,500 ರೂಪಾಯಿ ಸುಂಕ. 50,000 ಉಳಿಸಲು ಹೋಗಿ ಎರಡು ಲಕ್ಷದ ಹತ್ತಿರ ಕಟ್ಟಿದಂತಾಯಿತು. ಹೇಳದೆ ತಂದರೆ ಏನಾಗುತ್ತದೆ ಎಂದು ಕೆಲವರು ಪಿಸುಮಾತಿನಲ್ಲಿ ಕೇಳುತ್ತಾರೆ. ಒಡವೆ ಜಪ್ತಿ, ದಂಡ, ಮೊತ್ತ ದೊಡ್ಡದಾದರೆ ಕೇಸು. ಮಗಳ ಮದುವೆಯ ಒಡವೆಗೆ ಆ ಭಯ ಅಂಟಿಸಿಕೊಳ್ಳಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮದುವೆಯ ದೊಡ್ಡ ಒಡವೆ ಇಲ್ಲೇ ಮಾಡಿಸುತ್ತಿದ್ದೆ. ಹಾಲ್‌ಮಾರ್ಕಿನ ಆರಕ್ಷರದ ನಂಬರ್ ಇರುತ್ತದೆ, ಬಳೆ ಬಿಗಿಯಾದರೆ ಅದೇ ಅಂಗಡಿಗೆ ಹೋಗಿ ಸರಿಮಾಡಿಸಬಹುದು, ಮಜೂರಿಯಲ್ಲಿ ಚೌಕಾಸಿ ಮಾಡಬಹುದು. ಮಜೂರಿಯಲ್ಲಿ ಶೇ. 4 ಇಳಿಸಿದರೆ ದುಬೈ ಲಾಭದ ಅರ್ಧ ಇಲ್ಲೇ ಸಿಕ್ಕಿತು. ದುಬೈ ನೆನಪಿಗೆ ಮಿತಿಯೊಳಗೆ ಒಂದು ಉಂಗುರವೋ, ಕಿವಿಯೋಲೆಯೋ ತನ್ನಿ. ಬಿಲ್ಲು ಕೈಯಲ್ಲೇ ಇರಲಿ, ಚೆಕ್-ಇನ್ ಚೀಲದಲ್ಲಿ ಬೇಡ. ಬಿಲ್ಲಿಲ್ಲದಿದ್ದರೆ ಬೆಲೆ ಕಟ್ಟುವುದು ಅಧಿಕಾರಿ.

ಮಿತಿ ಮೀರಿದೆ ಎಂಬ ಅನುಮಾನ ಬಂದರೆ ಸುಮ್ನೆ ಕೆಂಪು ದಾರಿಗೆ, ಅಂದರೆ ಸುಂಕದ ಸಾಮಾನು ಘೋಷಿಸುವವರ ಸಾಲಿಗೆ ಹೋಗಿ. ಅಲ್ಲಿಗೆ ತಾವೇ ಹೋಗಿ ಹೇಳಿದವರನ್ನು ಯಾರೂ ಕಳ್ಳರಂತೆ ನೋಡುವುದಿಲ್ಲ. ಇನ್ನೊಂದು ದಾರಿಯೂ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಸುಂಕ ಕಟ್ಟಲು ಮನಸ್ಸಿಲ್ಲ, ಆದರೆ ವಸ್ತುವನ್ನು ಸರಿಯಾಗಿ ಘೋಷಿಸಿದ್ದೀರಿ ಎಂದಾದರೆ, ಅದನ್ನು ಕಸ್ಟಮ್ಸ್ ವಶದಲ್ಲಿ ರಸೀದಿ ಪಡೆದು ಇಡುವಂತೆ ಕೇಳಬಹುದು. ಮುಂದೆ ದೇಶ ಬಿಟ್ಟು ಹೋಗುವಾಗ ವಾಪಸ್ ಒಯ್ಯಬಹುದು. 1962ರ ಕಸ್ಟಮ್ಸ್ ಕಾಯ್ದೆಯ 80ನೇ ಸೆಕ್ಷನ್ ಅದು.

ಈಗ ಆ ಪೊಟ್ಟಣ. ಹಲವು ವರ್ಷಗಳ ಹಿಂದೆ ರಾತ್ರಿ ಎರಡು ಗಂಟೆಗೆ ನನಗೊಂದು ಫೋನ್ ಬಂತು. ಕುಂದಾಪುರ ಕಡೆಯ ಹುಡುಗ, ಗಲ್ಫಿನ ಹೋಟೆಲಿನಲ್ಲಿ ಅಡುಗೆ ಕೆಲಸ. ರಜೆಗೆ ಬರುವಾಗ ಊರಿನವರೇ ಒಬ್ಬರು ಹೊಸ ಮಿಕ್ಸಿ ಕೊಟ್ಟು, "ಅಮ್ಮನಿಗೆ ಕೊಟ್ಟುಬಿಡು" ಎಂದಿದ್ದರು. ಸ್ಕ್ಯಾನರಿನಲ್ಲಿ ಸಂಶಯ ಬಂತು. ಸ್ಕ್ರೂ ಬಿಚ್ಚಿದಾಗ ಮೋಟಾರಿನೊಳಗೆ ತಾಮ್ರದ ಸುರುಳಿ ಇರಬೇಕಾದಲ್ಲಿ ಬಂಗಾರದ ಪಟ್ಟಿ ಸುತ್ತಿತ್ತು. ನಾನು ಬೆಳಿಗ್ಗೆ ಹೋದಾಗ ಅವನು ಬೆಂಚಿನ ಮೇಲೆ ಕೂತು, "ಅಣ್ಣಾ, ನಂಗೆ ಗೊತ್ತೇ ಇರ್ಲಿಲ್ಲ" ಎಂದು ಒಂದೇ ಮಾತು ಹೇಳುತ್ತಿದ್ದ. ನನಗೆ ನಂಬಿಕೆ ಬಂತು. ಆದರೆ ಚೀಲ ಅವನದು, ಟ್ಯಾಗ್ ಅವನ ಹೆಸರಿನದು. ಗೊತ್ತಿರಲಿಲ್ಲ ಎಂದು ತೋರಿಸಿಕೊಡುವ ಹೊಣೆಯೂ ಅವನ ತಲೆಗೇ ಬಂತು. ಕೇಸು ವರ್ಷಗಟ್ಟಲೆ ಎಳೆಯಿತು. ಗಲ್ಫಿನ ಕೆಲಸ ಹೋಯಿತು. ಮಿಕ್ಸಿ ಕೊಟ್ಟವರು ಫೋನ್ ಎತ್ತಲೇ ಇಲ್ಲ.

ನಿಮ್ಮ ಪರಿಚಿತರು ಒಳ್ಳೆಯವರೇ ಇರಬಹುದು. ಅವರಿಗೂ ಆ ಪೊಟ್ಟಣ ಬೇರೆ ಯಾರೋ ಕೊಟ್ಟಿರಬಹುದು. "ನಮ್ಮ ಬ್ಯಾಗಿನ ತೂಕ ತುಂಬಿದೆ, ಕೊರಿಯರ್ ಮಾಡಿಬಿಡಿ" ಎಂದು ಹೇಳಿ. ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ. ಖರ್ಜೂರ, ಚಾಕೊಲೇಟ್ ಎಂದರೂ ಸೀಲ್ ಮಾಡಿದ ಪೊಟ್ಟಣ ಮುಟ್ಟಬೇಡಿ.

ಕೊನೆಗೆ, ನೀವು ಕೇಳದೇ ಇದ್ದ ಒಂದು ವಿಷಯ. ಹೋಗುವಾಗ ಕೈಯಲ್ಲಿ ನಿಮ್ಮ ಹಳೆಯ ಬಳೆ, ಕೊರಳಲ್ಲಿ ಕರಿಮಣಿ ಸರ ಇದ್ದೇ ಇರುತ್ತದೆ. ವಾಪಸ್ ಬರುವಾಗ ಅದೂ ದುಬೈಯಲ್ಲಿ ಕೊಂಡದ್ದೇ ಎಂಬ ಪ್ರಶ್ನೆ ಏಳಬಾರದು. ಭಾರಿ ಒಡವೆ ಹಾಕಿಕೊಂಡು ಹೊರಟರೆ, ಹೊರಡುವ ದಿನ ಮುಂಬೈ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ತೋರಿಸಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ. ಒಡವೆಯ ಫೋಟೊ, ಹಳೇ ಬಿಲ್ಲು ಅಥವಾ ಅಕ್ಕಸಾಲಿಗರು ಬರೆದುಕೊಟ್ಟ ತೂಕದ ಚೀಟಿ ಜೊತೆಗಿರಲಿ. ವಿಮಾನ ಹತ್ತುವ ಮುಂಚೆಯೇ ಆ ಕೆಲಸ ಮುಗಿಸಬೇಕು, ಹಾಗಾಗಿ ಡೊಂಬಿವಲಿಯಿಂದ ಒಂದು ಗಂಟೆ ಬೇಗನೇ ಹೊರಡಿ.